ಭಾನುವಾರದ ಲೋಟ

ನಮ್ಮ ಲೈನ್ ಮನೆಗಳಲ್ಲಿ ಯಾರ ಬಾಗಿಲಿಗೆ ಹೋಗಿ ನೀರು ಕೇಳಿದರೂ ಒಬ್ಬಳೇ ಹೆಂಗಸಿನ ಹೆಸರು ಕೆತ್ತಿದ ಲೋಟದಲ್ಲಿ ಕೊಡುತ್ತಾರೆ. ರಂಗನಾಯಕಿ ಎಂದು, ತಮಿಳು ಅಕ್ಷರದಲ್ಲಿ, ಚುಕ್ಕಿ ಚುಕ್ಕಿಯಾಗಿ. ಮೂಲೆಮನೆಯವರ ಕುಕ್ಕರಿನ ಮುಚ್ಚಳದ ಮೇಲೂ ಅದೇ ಹೆಸರು, ಎದುರುಮನೆಯವರು ಕೋಳಿಗೆ ನೀರಿಡುವ ಬಟ್ಟಲಿನ ಕಂಠದಲ್ಲೂ ಅದೇ. ಆ ಹೆಂಗಸು ತೀರಿಕೊಂಡು ಐದು ವರ್ಷವಾಯಿತು. ಅವಳ ಪಾತ್ರೆಗಳನ್ನೆಲ್ಲ ಹಂಚಿದವರು ಅವಳ ಗಂಡ. ಕಳೆದ ತಿಂಗಳು ಅವರೂ ಹೋದರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ನನ್ನ ಬಗ್ಗೆ ಒಂದು ಕೆಟ್ಟ ಮಾತನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಮೀನಮೇಷ ಎಣಿಸಿದೆ.

ಅವರ ಹೆಸರು ಇಲ್ಲಿ ಬೇಡ. ಕರುಮತ್ತಂಪಟ್ಟಿಯಲ್ಲಿ ಎಲ್ಲರೂ ಅವರನ್ನು ಪೆರಿಯವರು, ಅಂದರೆ ಹಿರಿಯರು, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆರು ವರ್ಷದ ಹಿಂದೆ ನನ್ನ ಗಂಡನಿಗೆ ಇಲ್ಲಿನ ಸ್ಪಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿ, ನನಗೆ ಪೀಳಮೇಡಿನ ಕಾಲೇಜೊಂದರ ಲೈಬ್ರರಿಯಲ್ಲಿ ಸಿಕ್ಕಿ, ದಾವಣಗೆರೆಯಿಂದ ಲಾರಿ ತುಂಬ ಸಾಮಾನು ಹೇರಿಕೊಂಡು ಬಂದಿಳಿದೆವು. ನಾನು ಸಾಮಾನಿನ ಹೆಂಗಸು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಕಳೆದರೆ ಎರಡು ದಿನ ನನಗೆ ಊಟ ಸೇರುವುದಿಲ್ಲ. ಅವತ್ತು ಲಾರಿಯಿಂದ ಒಂದೊಂದೇ ಇಳಿಸುತ್ತ ನಾನು ಗಂಡನ ಮೇಲೆ ರೇಗುತ್ತಿದ್ದಾಗ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ, ವೇಷ್ಟಿ ಮೊಣಕಾಲಿಗೆ ಎತ್ತಿ ಕಟ್ಟಿದ್ದ ಮುದುಕರು ಕಣ್ಣರಳಿಸಿದರು.

"ಅಡೆ! ನಮ್ಮ ಮಾತು ಆಡೋರಾ ನೀವು? ಯಾವೂರು, ಅಮ್ಮಣಿ?"

ಅವರು ನೇಕಾರರು. ಎಷ್ಟು ತಲೆಮಾರಿನ ಹಿಂದೆ ಕನ್ನಡದ ಸೀಮೆಯಿಂದ ಬಂದರೋ ಅವರಿಗೇ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡವೂ ತಮಿಳಿನ ರಾಗದಲ್ಲಿ ತೇಲುತ್ತಿತ್ತು. ಮಗ್ಗಕ್ಕೆ ತರಿ ಎನ್ನುವರು, ಸೀರೆಗೆ ಪುಡವೆ ಎನ್ನುವರು. ಓದಲು ಬರೆಯಲು ಕನ್ನಡ ಬಾರದು. ಒಮ್ಮೆ ನಾನು ಊರಿಂದ ತರಿಸಿದ ವಾರಪತ್ರಿಕೆಯನ್ನು ಬೆಳಕಿಗೆ ಹಿಡಿದು, ಸೀರೆಯ ನೇಯ್ಗೆ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಮ್ಮ ಮಾತ ಬರೆದ್ರೆ ಹಿಂಗಿರ್ತದಾ? ಎಲ್ಲಾ ಗುಂಡಗುಂಡಗ ಐತೆ" ಎಂದರು. ಹೆಂಡತಿಯ ಹೆಸರನ್ನು ಬರೆದು ತೋರಿಸು ಎಂದರು. ಬರೆದು ಕೊಟ್ಟೆ. ಬಹಳ ಹೊತ್ತು ನೋಡಿ ಚೀಟಿಯನ್ನು ನನಗೇ ವಾಪಸು ಕೊಟ್ಟರು.

"ಇಟ್ಕೊಳ್ಳಿ ಪೆರಿಯವರೇ."

"ನೋಡಿದ್ನಲ್ಲ, ಸಾಕು."

ಆ ಚೀಟಿ ಇವತ್ತಿಗೂ ನನ್ನ ಹತ್ತಿರವಿದೆ. ಅವರು ಬೇಡವೆಂದದ್ದೆಲ್ಲ ಕೊನೆಗೆ ನನ್ನ ಹತ್ತಿರವೇ ಬಂದು ಸೇರುತ್ತಿತ್ತು.

ಇದು ರಂಗನಾಯಕಿ ಹೋದ ಮೇಲಿನ ಮಾತು. ಅವಳಿರುವವರೆಗೆ ಅವರ ಮನೆ ನಮ್ಮ ಮನೆಯಂತೆಯೇ ಕಿಕ್ಕಿರಿದಿತ್ತು. ಅವಳು ಹೋದದ್ದು ಬೇಸಿಗೆಯಲ್ಲಿ, ಎಂಟು ತಿಂಗಳು ನರಳಿ. ಒಬ್ಬಳೇ ಮಗಳು, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯೊಂದರಲ್ಲಿ ಹೊಲಿದ ಬಟ್ಟೆಯ ತಪ್ಪು ನೋಡುವ ಚೆಕಿಂಗ್ ಕೆಲಸ. ಹದಿನಾರನೆಯ ದಿನದ ಕಾರ್ಯ ಮುಗಿಸಿ ಹೊರಡುವಾಗ ಅವಳು ಬೀರುವಿನ ಮುಂದೆ ನಿಂತು ಅತ್ತಳು. "ಈಗ ಇದ ತೆಗೆಯಕ್ಕ ನನ್ನ ಕೈಲಿ ಆಗಲ್ಲಪ್ಪ. ಮುಂದಿನ ತಿಂಗಳು ಬತ್ತೀನಿ. ಅಲ್ಲೀತನಕ ಅಮ್ಮನ ಪುಡವೆ ಮುಟ್ಟಬೇಡ" ಎಂದು ಹೇಳಿ ಬಸ್ಸು ಹತ್ತಿದಳು. ನಾನು ಅಲ್ಲೇ ಇದ್ದೆ, ಕಿವಿಯಾರೆ ಕೇಳಿದ್ದೇನೆ.

ಅವರು ಹತ್ತು ದಿನ ಸುಮ್ಮನಿದ್ದರು. ಹನ್ನೊಂದನೆಯ ದಿನ ಅನ್ನಕ್ಕಿಡಲು ಪಾತ್ರೆ ಸಿಗದೆ ಅಟ್ಟ ಹತ್ತಿದರಂತೆ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟ ಪಾತ್ರೆಗಳು. ಮದುವೆಯಲ್ಲಿ ಬಂದವು, ಸೀಮಂತದಲ್ಲಿ ಬಂದವು, ಚೀಟಿ ಕಟ್ಟಿ ಕೊಂಡವು. ಒಂದನ್ನೂ ಒಲೆಗೆ ಇಟ್ಟಿರಲಿಲ್ಲ. ಎಷ್ಟೋ ಲೋಟಗಳ ಮೇಲೆ ಅಂಗಡಿಯ ಚೀಟಿ ಅಂಟಿಕೊಂಡೇ ಇತ್ತು. ಮೂವತ್ತೈದು ವರ್ಷ ಆ ಹೆಂಗಸು ತಳ ಸವೆದ ಎರಡು ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿ, ಹೊಸದನ್ನೆಲ್ಲ ಆಮೇಲಿಗೆ ಅಂತ ಇಟ್ಟಿದ್ದಳು. ಅವರು ಅದನ್ನೆಲ್ಲ ಅಂಗಳದಲ್ಲಿ ಹರವಿಕೊಂಡು ಕೂತಿದ್ದರು. ನಾನು ಕೆಲಸದಿಂದ ಬಂದವಳು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನಿಂತೆ.

"ಆಮೇಲೆ, ಆಮೇಲೆ ಅಂದ್ಲು. ನೋಡು ಅಮ್ಮಣಿ, ಆಮೇಲೆ ಅನ್ನೋದು ಇದೇ" ಎಂದರು. ಧ್ವನಿಯಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು.

ಅವತ್ತು ಸಂಜೆಯೇ ಹಂಚಲು ಶುರುಮಾಡಿದರು. ಕೊಡುವಾಗ ಒಂದೇ ಕಟ್ಟಳೆ: ಇಟ್ಟುಕೊಳ್ಳಬಾರದು, ಬಳಸಬೇಕು. ನಾಳೆ ಬಂದು ನೋಡುತ್ತೇನೆ ಎಂದು ಹೆದರಿಸುತ್ತಿದ್ದರು, ಬಂದು ನೋಡುತ್ತಲೂ ಇದ್ದರು. ನನಗೆ ಆರು ಲೋಟ ಬಂದವು. ಪಾತ್ರೆಯಾದ ಮೇಲೆ ಮಂಚ, ಮಂಚವಾದ ಮೇಲೆ ಫ್ಯಾನು. ಬಾಡಿಗೆ ಶೆಡ್ಡಿನಲ್ಲಿದ್ದ ಎರಡು ಪವರ್‌ಲೂಮನ್ನು ಜೊತೆಗೆ ದುಡಿಯುತ್ತಿದ್ದವನಿಗೇ ಬಿಟ್ಟುಕೊಟ್ಟರು. ಬಂಧುಗಳು ತಲೆ ಕೆಟ್ಟಿದೆ ಎಂದರು. ಅವರ ತಲೆ ನೆಟ್ಟಗೇ ಇತ್ತು. ಬೀರುವಿನ ಬಾಗಿಲು ತೆಗೆದದ್ದೊಂದೇ ತಪ್ಪು.

ಮಗಳ ಮಾತನ್ನು ಮರೆತು ತೆಗೆದರು ಎಂದುಕೊಳ್ಳಬೇಡಿ. ಅವರು ಅದನ್ನು ನೇಕಾರನ ಬುದ್ಧಿಯಿಂದ ಅರ್ಥ ಮಾಡಿಕೊಂಡಿದ್ದರು. ಮಗಳಿಗೆ ಒಳ್ಳೆಯ ಸೀರೆಗಳು ಬೇಕು, ಹಾಗಾಗಿ ಒಳ್ಳೆಯವನ್ನು ತೆಗೆದಿಟ್ಟರಾಯಿತು. ಎಲ್ಲವನ್ನೂ ಬಿಸಿಲಿಗೆ ಹಿಡಿದು, ಒಂದು ಎಳೆಯೂ ತಪ್ಪಿಲ್ಲದ ಏಳು ಸೀರೆಗಳನ್ನು ಆರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟರು. ಉಳಿದದ್ದು ಬೀದಿಪಾಲು. ಅದರಲ್ಲಿ ಒಂದನ್ನು ಪೇಪರಿನಲ್ಲಿ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದರು.

ಬಿಚ್ಚಿ ನೋಡಿದೆ. ಸಾಸಿವೆ ಬಣ್ಣದ ಹಾಸು, ಅಡ್ಡ ಎಳೆಗಳ ಹೊಕ್ಕಿನ ಬಣ್ಣ ಮಾತ್ರ ಮತ್ತೆ ಮತ್ತೆ ಬದಲಾಗುತ್ತಿತ್ತು. ನೀಲಿ, ಗಿಳಿಹಸಿರು, ಮಾಸಿದ ಗುಲಾಬಿ, ಮತ್ತೆ ನೀಲಿ, ಅಡಿಕೆಗೆಂಪು. ಒಂದು ಪಟ್ಟಿ ಅಗಲ, ಒಂದು ಕಿರಿದು.

"ಇದ ನಮ್ಮ ಜನಕ್ಕ ಕೊಡಕ್ಕ ಆಗಲ್ಲ. ತಪ್ಪು ನೋಡ್ತಾರ. ಇಲ್ಲಿ ನೋಡು, ಹೊಕ್ಕು ಒಂದ ಕಡೆ ಬಿಗಿ, ಒಂದ ಕಡೆ ಸಡಿಲ. ಕಂಡಿಕೇಲಿ ಮಿಕ್ಕಿದ ನೂಲ ಬಿಸಾಡ್ದೆ ಸೇರ್ಸಿಟ್ಟು ನಮ್ಮವ್ಳು ಸುಮ್ನ ನೆಯ್ದದ್ದು. ನಿಮ್ಗ ಗೊತ್ತಾಗಲ್ಲ, ನೀವು ಉಟ್ಕೊಳ್ಳಿ" ಎಂದರು.

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಉರುಳೆ. ಒಂದು ಸೀರೆ ಮುಗಿದಾಗ ಅದರಲ್ಲಿ ಒಂದಿಷ್ಟು ನೂಲು ಉಳಿದೇ ಉಳಿಯುತ್ತದೆ. ಗುಣಕ್ಕೆ ಹೆಸರಾದ ನೇಕಾರನಿಗೆ ಅಂಥ ನೂಲಿನ ಸೀರೆ ಮನೆಯಲ್ಲಿರುವುದೇ ಅವಮಾನ. ನಿಮಗೆ ಗೊತ್ತಾಗಲ್ಲ ಎಂದದ್ದು ನನಗೆ ಚುರುಕ್ಕೆಂದಿತು, ಆದರೂ ಸೀರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಮರುವಾರ ಆರ್.ಎಸ್. ಪುರಂನಲ್ಲಿ ಸಹೋದ್ಯೋಗಿಯ ಮಗಳ ಮದುವೆಗೆ ಅದನ್ನೇ ಉಟ್ಟೆ. ಯಾವ ಅಂಗಡಿ, ಎಲ್ಲಿ ಸಿಕ್ಕಿತು ಎಂದು ರೇಷ್ಮೆಯುಟ್ಟವರೆಲ್ಲ ಸೆರಗು ಹಿಡಿದು ಕೇಳಿದರು. ನಾನು ಅಂಗಡಿಯ ಹೆಸರು ಹೇಳದೆ ನಕ್ಕೆ. ಅವತ್ತು ಮನೆಯಿಂದ ಹೊರಡುವಾಗ ಪೆರಿಯವರು ಜಗುಲಿಯಲ್ಲಿ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲೆ, ಉಟ್ರೆ ತಪ್ಪು ಕಾಣಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಮದುವೆಯ ಊಟದಲ್ಲಿ ರಸಂ ಚೆಲ್ಲಿ ಮುಂದಿನ ನೆರಿಗೆಯ ಮೇಲೆ ಅಂಗೈಯಗಲ ಕಲೆಯಾಯಿತು.

ಮಗಳು ಬಂದದ್ದು ಅದಾದ ನಾಲ್ಕನೆಯ ದಿನಕ್ಕೆ. ಲೈನ್ ಮನೆಯಲ್ಲಿ ಗೋಡೆ ಒಂದೇ, ಮಾತು ಎರಡೂ ಮನೆಗೆ. ಏಳು ಸೀರೆಯ ಗಂಟನ್ನು ಅವಳು ಬಿಚ್ಚಿದಳು, ಹುಡುಕಿದಳು, ಆಮೇಲೆ ಖಾಲಿ ಬೀರುವಿನ ಬಾಗಿಲು ತೆಗೆದಳು.

"ಅಪ್ಪಾ, ಆ ಪಟ್ಟೆಪಟ್ಟೆ ಪುಡವೆ ಎಲ್ಲಿ?"

"ಅದಾ? ಮಿಕ್ಕ ನೂಲಿಂದು. ಕೊಟ್ಬುಟ್ಟೆ."

ಆಮೇಲೆ ಅವಳು ಹೇಳಿದ್ದನ್ನು ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಕೇಳಿದೆ. "ನಾನು ಹೊಟ್ಟೇಲಿರೋವಾಗ ನೆಯ್ದದ್ದಪ್ಪ ಅದ. ದಿನಕ್ಕ ಒಂದು ಬಣ್ಣ. ನಂಗೆ ಜ್ವರ ಬಂದ್ರೆ ಅದನ್ನ ಹೊದ್ಸಿ, ಒಂದೊಂದೇ ಪಟ್ಟಿ ತೋರ್ಸಿ ಕತೆ ಹೇಳೋಳು. ಈ ನೀಲಿ ನೀ ಮೊದಲು ಒದ್ದ ದಿನ, ಈ ಹಸ್ರು ಮಳೆ ಬಂದು ತರಿಗುಳಿಗೆ ನೀರು ನುಗ್ಗಿದ ದಿನ ಅಂತ. ನಂಗೆ ಬೇಕಾಗಿದ್ದು ಅದೊಂದೇ."

"ನಂಗ ಅವಳು ಹೇಳ್ಲೇ ಇಲ್ಲೆ" ಎಂದರು ಅವರು.

"ನೀ ಕೇಳಿದ್ಯಾ? ತಪ್ಪು ಐತೆ, ತಪ್ಪು ಐತೆ ಅಂತ ಅವಳ್ನ ನಗಾಡ್ದೆ. ಯಾರಿಗೆ ಕೊಟ್ಟೆ ಹೇಳು, ಹೋಗಿ ಕೇಳ್ತೀನಿ."

ಆ ಕ್ಷಣ ನಾನು ಬಾಗಿಲು ತೆಗೆದು ಆಚೆ ಹೋಗಬೇಕಿತ್ತು. ಹತ್ತು ಹೆಜ್ಜೆ. ಸೀರೆ ನನ್ನ ಬೀರುವಿನಲ್ಲಿ ಫಾಲು ಹೊಲಿಸಿಕೊಂಡು, ರಸಂ ಕಲೆ ಹೊತ್ತು ನೇತಾಡುತ್ತಿತ್ತು. ಈ ಕಲೆ ಇಟ್ಟುಕೊಂಡು ಹೇಗೆ ಕೊಡುವುದು, ಒಗೆಸಿ ಕೊಡೋಣ ಎಂದುಕೊಂಡೆ. ಅದು ಸುಳ್ಳು. ನನಗೆ ಕೊಡಲು ಮನಸ್ಸಿರಲಿಲ್ಲ. ಆಚೆ ಪೆರಿಯವರು, "ಯಾರಿಗಂತ ನೆನಪಿಲ್ಲೆ" ಎಂದರು. ಮಗಳು ಏಳು ಸೀರೆಯನ್ನೂ ಅಲ್ಲೇ ಬಿಟ್ಟು ಹೋದಳು. ಆಮೇಲೆ ಆ ಮನೆಗೆ ಬರಲಿಲ್ಲ.

ಮರುದಿನ ಅವರು ಎಂದಿನಂತೆ ನಮ್ಮ ಪೇಪರಿನ ಚಿತ್ರ ನೋಡಲು ಬಂದರು. ನಾನೇ ತಡವರಿಸುತ್ತ, "ಪೆರಿಯವರೇ, ಆ ಸೀರೆ..." ಎಂದೆ.

"ಯಾವ ಸೀರೆ? ಕೊಟ್ಟದ್ದ ನಾ ನೆನಪಿಟ್ಕೊಳ್ಳಲ್ಲ, ಅಮ್ಮಣಿ. ನೆನಪಿದ್ರೆ ಅದು ಇನ್ನೂ ನನ್ನ ಮನೇಲ ಇದ್ದಂಗ" ಎಂದು ಪೇಪರ್ ಮಡಚಿದರು. ಅವರಿಗೆ ನಿಜವಾಗಿ ಮರೆತಿದೆ ಎಂದು ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು.

ಆಮೇಲಿನ ವರ್ಷಗಳಲ್ಲಿ ಅವರು ಸುಖವಾಗಿದ್ದರೇ ಎಂದು ಯಾರಾದರೂ ಕೇಳಿದರೆ ಹೌದೆಂದೇ ಹೇಳಬೇಕು. ಅದನ್ನು ಮುಚ್ಚಿಟ್ಟರೆ ಅವರಿಗೆ ಇನ್ನೊಂದು ಅನ್ಯಾಯ ಮಾಡಿದಂತೆ. ಒಂದು ಚಾಪೆ, ಎರಡು ವೇಷ್ಟಿ, ಎರಡು ಅಂಗಿ, ಒಂದು ಪಾತ್ರೆ, ಒಂದು ತಟ್ಟೆ, ಒಂದು ಲೋಟ, ಒಂದು ಗುಂಡಿ ಒತ್ತುವ ಫೋನು. ಹೊಸಬರು ಬಂದರೆ ಮನೆ ತೋರಿಸುವ ಉತ್ಸಾಹ ಬೇರೆ. "ಇಲ್ಲಿ ಬೀರು ಇತ್ತು. ಇಲ್ಲಿ ಮಂಚ. ಈಗ ನೋಡಿ, ಎಷ್ಟು ಗಾಳಿ!" ಬೆಳಗಾದರೆ ಕಸ ಗುಡಿಸುವುದು ಎರಡು ನಿಮಿಷದ ಕೆಲಸ. ಆಮೇಲೆ ಬರಿ ನೆಲದ ಮೇಲೆ ಅಂಗಾತ ಮಲಗಿ, ಬೀದಿಯ ಪವರ್‌ಲೂಮ್‌ಗಳ ಸದ್ದು ಕೇಳುತ್ತ, ಯಾವ ಶೆಡ್ಡಿನಲ್ಲಿ ಎಳೆ ಕಡಿಯಿತು ಎಂದು ಕಣ್ಣು ಮುಚ್ಚಿಯೇ ಹೇಳುವರು. ಕರೆಂಟು ಹೋಗಿ ಊರೆಲ್ಲ ಒಮ್ಮೆಗೇ ಸ್ತಬ್ಧವಾದರೆ ಮಗುವಿನಂತೆ ನಗುವರು. ನಾನು ಏರ್ ಫ್ರೈಯರ್ ಕೊಂಡು ತಂದ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದರು.

"ಇದ ಇಟ್ಟ ಜಾಗದಲ್ಲಿ ಮುಂಚೆ ಏನಿತ್ತು?"

"ಏನೂ ಇರಲಿಲ್ಲ."

"ಪಾಪ, ಅದು ಹೋಯ್ತಲ್ಲ!"

ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವರ ಜೊತೆ ನಕ್ಕು ಮನೆಗೆ ಬಂದರೆ ನನ್ನದೇ ಮನೆ ಉಸಿರು ಕಟ್ಟಿಸುತ್ತಿತ್ತು. ಆದರೂ ಒಂದು ಡಬ್ಬಿಯನ್ನೂ ನಾನು ಆಚೆ ಹಾಕಲಿಲ್ಲ.

ಭಾನುವಾರ ಮಾತ್ರ ಅವರು ಬೇರೆ ಮನುಷ್ಯ. ಭಾನುವಾರ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ರಜೆ. ಅವತ್ತು ಎರಡು ಸಲ ಗುಡಿಸುವರು, ಒಗೆದ ಅಂಗಿ ಹಾಕುವರು, ಒಂಬತ್ತು ಗಂಟೆಗೆ ನಮ್ಮ ಬಾಗಿಲಿಗೆ ಬಂದು, "ಒಂದು ಲೋಟ ಕೊಡು ಅಮ್ಮಣಿ, ಸಾಯಂಕಾಲ ತಿರುಗಿ ಕೊಡ್ತೀನಿ" ಎನ್ನುವರು. ಅವರೇ ನನಗೆ ಕೊಟ್ಟ ಲೋಟ, ರಂಗನಾಯಕಿಯ ಹೆಸರಿದ್ದದ್ದು. ಅದನ್ನು ತಮ್ಮ ಲೋಟದ ಪಕ್ಕ ಬೋರಲು ಹಾಕಿ ಬಾಗಿಲು ತೆರೆದಿಟ್ಟು ಕೂರುವರು. ಸಂಜೆ ಆರಕ್ಕೆ ತಂದು ಕೊಡುವರು. ಮೊದಮೊದಲು ಯಾರೋ ನೆಂಟರು ಬರುತ್ತಾರೇನೋ ಎಂದುಕೊಂಡಿದ್ದೆ. ಯಾರೂ ಬರುತ್ತಿರಲಿಲ್ಲ. ಲೋಟ ಬೆಳಿಗ್ಗೆ ನಾನು ಕೊಟ್ಟ ಹಾಗೆಯೇ ಇರುತ್ತಿತ್ತು, ಒಂದು ದಿನವೂ ಅದರ ತಳ ಒದ್ದೆಯಾಗಿದ್ದದ್ದನ್ನು ನಾನು ಕಾಣೆ. ಎಲ್ಲವನ್ನೂ ಬಿಟ್ಟ ಮನುಷ್ಯ ಬಿಡಲಾರದೆ ಉಳಿಸಿಕೊಂಡದ್ದು ಆ ಒಂದು ಕಾಯುವಿಕೆ. ನನಗೆ ಗೊತ್ತಿತ್ತು, ಯಾರಿಗಾಗಿ ಎಂದೂ ಗೊತ್ತಿತ್ತು, ಯಾವುದು ಅವಳನ್ನು ಕರೆತರಬಲ್ಲದು ಎಂದೂ ಗೊತ್ತಿತ್ತು. ಪ್ರತಿ ಭಾನುವಾರ ಲೋಟ ಕೊಟ್ಟೆ, ಸಂಜೆ ವಾಪಸು ಪಡೆದೆ. ನಾಲ್ಕು ವರ್ಷಕ್ಕೂ ಮೇಲೆ. ಮುಂದಿನ ವಾರ ತಿರುಪ್ಪೂರಿಗೆ ಹೋಗಿ ಕೊಟ್ಟು ಬರೋಣ ಎಂದುಕೊಳ್ಳುವುದು, ಆ ವಾರ ಏನೋ ಒಂದು ಅಡ್ಡ ಬರುವುದು. ರಂಗನಾಯಕಿಯ ಆಮೇಲೆ ನನಗೂ ಅಂಟಿಕೊಂಡಿತ್ತು.

ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಅವರು ಚಾಪೆಯಿಂದ ಏಳಲಿಲ್ಲ. ಮಗಳು ಬಂದಳು, ಅತ್ತಳು, ಎಲ್ಲ ಮಾಡಿದಳು. ಆ ದಿನಗಳಲ್ಲಿ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಮನೆ ಖಾಲಿ ಮಾಡಲು ಬಂದಳು. ಖಾಲಿ ಮಾಡಲು ಏನಿತ್ತು? ಹತ್ತು ನಿಮಿಷದಲ್ಲಿ ಮುಗಿಯಿತು. ನಾನು ಸೀರೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದೆ, ಅವರು ನನ್ನ ಬಾಗಿಲಿಗೆ ತಂದ ಹಾಗೆಯೇ.

ಅವಳು ಬಿಚ್ಚಿದಳು. ಚೆಕಿಂಗ್ ಕೆಲಸದ ಬೆರಳುಗಳು, ಪಟ್ಟಿಯ ಮೇಲೆ ಪಟ್ಟಿ ಮುಟ್ಟುತ್ತ ಹೋಗಿ ಕಲೆಯ ಹತ್ತಿರ ನಿಂತವು. ತಲೆಯೆತ್ತಿ, "ನೀವಾ?" ಎಂದಳು.

ನಾನು ತಲೆಯಾಡಿಸಿದೆ. "ಅವರು ಮರೆತಿದ್ದರು. ನಾನೇ ಹೇಳಬೇಕಿತ್ತು."

"ಅಪ್ಪ ಮರೀಲಿಲ್ಲಕ್ಕ. ತಿಂಗ್ಳಿಗೊಂದ್ಸಲ ನಾ ಫೋನ್ ಮಾಡಿ ಅದನ್ನೇ ಕೇಳ್ತಿದ್ದೆ, ಯಾರಿಗೆ ಕೊಟ್ಟೆ ಅಂತ. ಅಪ್ಪ ಸುಮ್ನಾಗೋದು. ನಾನೂ ಕಟ್ ಮಾಡ್ತಿದ್ದೆ. ಹೋದ ದೀಪಾವಳೀಲಿ ಬೋ ಜಗಳ ಮಾಡ್ದೆ. ಆಗ ಅಪ್ಪ ಹೇಳ್ತು, 'ಅವ್ರು ಅದನ್ನ ಉಟ್ಕೊಂಡು ಎಷ್ಟು ಸಂತೋಷವಾಗಿ ಹೋದ್ರು ಗೊತ್ತಾ? ನಾ ಹೆಸ್ರು ಹೇಳಿದ್ರೆ ನೀ ಹೋಗಿ ಕೇಳ್ತೀಯ. ಅವ್ರ ಮೊಗ ಚಿಕ್ಕದಾಗ್ತದ' ಅಂತ. ನಂಗಿಂತ ಯಾರೋ ಮೂರನೇ ಮನುಷ್ಯರ ಮೊಗ ದೊಡ್ಡದಾಯ್ತಾ ಅಂದೆ. ಅದೇ ಕೊನೇ ಮಾತು."

ಆಗ ನನಗೆ ಬಂದದ್ದು ಅಳುವಲ್ಲ, ನಾಚಿಕೆ. ಮದುವೆಗೆ ಹೊರಟ ನನ್ನನ್ನು ಜಗುಲಿಯಲ್ಲಿ ಕೂತು ನೋಡಿದ ಆ ಮುಖ ಕಣ್ಣ ಮುಂದೆ ಬಂತು. ತಮ್ಮ ಮಗಳನ್ನೇ ಕಳೆದುಕೊಂಡು ಅವರು ಕಾಪಾಡಿದ್ದು ನನ್ನ ಮುಖವನ್ನು. ನಾನು ಭಾನುವಾರದ ಲೋಟದ ವಿಷಯ ಹೇಳಿಬಿಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಒಯ್ಯುತ್ತಿದ್ದುದು, ಸಂಜೆ ಆರಕ್ಕೆ ತರುತ್ತಿದ್ದುದು, ಎಲ್ಲ. ಅವಳು ಬರಿ ನೆಲವನ್ನೇ ನೋಡುತ್ತ ಕೇಳಿಸಿಕೊಂಡಳು.

ಆಮೇಲೆ ಸೀರೆಯನ್ನು ನೆಲದ ಮೇಲೆ ಹರಡಿ, ನೇಕಾರರ ಮನೆಯ ಮಡಿಕೆಯಲ್ಲಿ ಅಂಚಿಗೆ ಅಂಚು ಕೂಡಿಸಿ ಮಡಚಿ ನನ್ನ ಕೈಗಿಟ್ಟಳು.

"ಇಲ್ಲ, ಇದು ನಿನ್ನದು" ಎಂದೆ.

"ಅಪ್ಪ ನಿಮ್ಗ ಕೊಟ್ಟದ್ದು. ನಾ ತಿರುಗಿ ತಗೊಂಡ್ರೆ ಅಪ್ಪ ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದು ಯಾತಕ್ಕ?" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಆ ಲೋಟ ಕೊಡ್ತೀರಾ? ಅದು ನಂಗಂತ ಇಟ್ಟದ್ದು."

ಸೀರೆ ಈಗ ನನ್ನ ಬೀರುವಿನಲ್ಲಿದೆ. ಉಡಲಾರೆ, ಕೊಡಲಾರೆ. ಬೀರುವಿನ ಬಾಗಿಲು ತೆಗೆದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಅದೇ.

ಅವತ್ತು ನಾನು ಮನೆಗೆ ಓಡಿ ಲೋಟ ತಂದುಕೊಟ್ಟೆ. ಅವಳು ಹೆಬ್ಬೆರಳಿನಿಂದ ಅಮ್ಮನ ಹೆಸರನ್ನು ಸವರಿದಳು. ಜಗುಲಿಯ ಪಕ್ಕದ ನಲ್ಲಿಯಲ್ಲಿ ತುಂಬ ನೀರು ಹಿಡಿದು, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಬಾಗಿಲಿಗೆ ಎದುರಾಗಿ ಕೂತು, ನಿಧಾನವಾಗಿ ಪೂರ್ತಿ ಕುಡಿದಳು. ನಂತರ ಎದ್ದು ಬೀಗ ಹಾಕಿ, ಲೋಟವನ್ನು ಒರೆಸದೆ ಕೈಯಲ್ಲೇ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅದರ ತಳದಿಂದ ನೀರು ಬೀದಿಗೆ ತೊಟ್ಟಿಕ್ಕುತ್ತಿತ್ತು.